ಪಾರಿವಾಳ, ಹಸಿ ಮೊಟ್ಟೆ, ಅಕ್ಕನ ಉಸಿರು

ಪಾರಿವಾಳ ಸಾಕುವವನಿಗೆ ಆಕಾಶ ನೋಡಿಕೊಂಡು ನಡೆಯುವ ಚಟ ಅಂಟಿಕೊಳ್ಳುತ್ತದೆ. ಕಡೂರಿನ ನಮ್ಮ ಬೀದಿಯ ಚರಂಡಿಗೆ ನಾನು ಎರಡು ಸಲ ಬಿದ್ದಿದ್ದೇನೆ. ಆಗಲೂ ಹಕ್ಕಿಯ ಮೇಲಿನ ಕಣ್ಣು ಕೀಳಲಿಲ್ಲ. ಇಂಥವನಿಗೆ ಮನೆಯೊಳಗೆ ಅಕ್ಕ ಸೀನುವುದು ಕೇಳಿಸಲಿಲ್ಲ ಎಂದರೆ ನೀವು ನಂಬಬೇಕು.

ತಾರಸಿಯಲ್ಲಿ ಹದಿನಾಲ್ಕು ಹಕ್ಕಿಗಳಿದ್ದವು. ಹಾರಿಸುವ ಸಂಭ್ರಮ ನನ್ನದು, ಗೂಡು ಗುಡಿಸುವ ಕೆಲಸ ಅಕ್ಕನದು. ಅವಳಿಗೆ ಮೊದಲು ಸೀನು ಬಂತು, ಆಮೇಲೆ ಉಬ್ಬಸ. ಅಮ್ಮನಿಗೆ ಮದ್ದು ಗೊತ್ತಿತ್ತು: ಖಾಲಿ ಹೊಟ್ಟೆಗೆ ನಾಟಿಕೋಳಿಯ ಹಸಿ ಮೊಟ್ಟೆ. ತುದಿಗೆ ತೂತು ಮಾಡಿ ನೇರ ಬಾಯಿಗೆ ಸುರಿಯುವುದು.

"ಗಂಟ್ಲು ಕೆರೀತದೆ ಕಣಮ್ಮ."

"ಮದ್ದು ಅಂದ್ಮೇಲೆ ಕೆರೀದೆ ಇರ್ತದಾ? ಸುಮ್ನೆ ನುಂಗೇ."

"ಪ್ರೋಟೀನ್ ಕಣಕ್ಕ," ಎಂದು ನಾನೂ ವಿಜ್ಞಾನದ ಒಗ್ಗರಣೆ ಹಾಕಿದೆ.

ಒಂಬತ್ತನೆಯ ದಿನ ಮೊಟ್ಟೆ ನುಂಗಿದ ಸ್ವಲ್ಪ ಹೊತ್ತಿಗೇ ಅವಳ ತುಟಿ ಊದಿತು. ಉಸಿರು ಸಿಳ್ಳೆ ಹಾಕತೊಡಗಿತು. ಆಮೇಲೆ ಸಿಳ್ಳೆಯೂ ನಿಂತಿತು. ಆ ಮೌನವನ್ನು ನಾನು ಇನ್ನೂ ಮರೆತಿಲ್ಲ. ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಚುಚ್ಚಿ, ಅವಳು ಕಣ್ಣು ಬಿಟ್ಟ ಮೇಲೆ ಡಾಕ್ಟರು ಕೇಳಿದರು: "ಮನೇಲಿ ಹಕ್ಕಿ ಸಾಕಿದ್ದೀರಾ?" ಅಮ್ಮ ನನ್ನ ಮುಖ ನೋಡಿದಳು.

ಅಂದಿನಿಂದ ಫೋನಿನಲ್ಲಿ ಓದಿ ಓದಿ ನಾನು ಅರೆಪಂಡಿತನಾಗಿದ್ದೇನೆ. ಹಕ್ಕಿಯ ಗರಿಯ ಧೂಳಿನಲ್ಲಿರುವ ಒಂದು ಪ್ರೋಟೀನಿನಂಥದ್ದೇ ಕೋಳಿಮೊಟ್ಟೆಯ ಹಳದಿಯಲ್ಲೂ ಇದೆಯಂತೆ, ಒಡಹುಟ್ಟಿದವರ ಮುಖದ ಹಾಗೆ. ಮೈ ಮೊದಲು ಧೂಳಿನ ಮೇಲೆ ಹಗೆ ಕಟ್ಟಿಕೊಳ್ಳುತ್ತದೆ. ಆಮೇಲೆ ಅದೇ ಮುಖ ಊಟದಲ್ಲಿ ಕಂಡರೂ ಬಿಡುವುದಿಲ್ಲ. ಅಣ್ಣನ ಮೇಲಿನ ಸಿಟ್ಟಿಗೆ ತಮ್ಮನನ್ನು ಬಡಿಯುವ ನಮ್ಮೂರ ಜಗಳ ಮೈಯೊಳಗೂ ಉಂಟು. ಚೆನ್ನಾಗಿ ಬೇಯಿಸಿದರೆ ಆ ಮುಖ ಸ್ವಲ್ಪ ಗುರುತು ತಪ್ಪುತ್ತದಂತೆ. ನಾವು ಹಸಿಯಾಗಿಯೇ ಕೊಟ್ಟಿದ್ದೆವು.

ಹಕ್ಕಿಯಿದ್ದಲ್ಲಿ ಅವಳಿರಬಾರದು, ಇನ್ನೊಮ್ಮೆ ಹೀಗಾದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಅಕ್ಕ ಅಜ್ಜಂಪುರದ ಚಿಕ್ಕಮ್ಮನ ಮನೆಗೆ ಹೋದಳು. ಹಕ್ಕಿಗಳನ್ನು ತರೀಕೆರೆಯ ಗೆಳೆಯನಿಗೆ ಕೊಟ್ಟೆ. ಗೂಡು ಒಡೆದೆ, ತಾರಸಿ ತೊಳೆದೆ, ಗೋಡೆಗೆ ಸುಣ್ಣ ಹೊಡೆದೆ. ಧೂಳು ಪೂರ್ತಿ ಹೋಗಲೆಂದು ತಿಂಗಳುಗಟ್ಟಲೆ ಕಾದೆವು. ಅಷ್ಟರಲ್ಲಿ ಗೆಳೆಯ, ಇನ್ನು ಪಳಗಿರಬೇಕೆಂದು ಪಂಜರದ ಬಾಗಿಲು ತೆಗೆದ. ಸಂಜೆಗೆ ಹನ್ನೊಂದು ಹಕ್ಕಿಗಳು ನಮ್ಮ ತಾರಸಿಯಲ್ಲಿದ್ದವು. ತಪ್ಪು ಅವುಗಳದ್ದಲ್ಲ. ಹಿಂದೆ ಬಸ್ಸಿನಲ್ಲಿ ಬುಟ್ಟಿ ಹೊತ್ತು, ತರೀಕೆರೆಯಿಂದಲೇ ಹಾರಿಸಿ ದಾರಿ ಕಲಿಸಿದವನು ನಾನೇ.

ಮರುದಿನ ಟವೆಲ್ ಬೀಸಿ ಅವನ್ನು ಓಡಿಸುತ್ತಿರುವಾಗಲೇ ಅಕ್ಕನ ಫೋನ್ ಬಂತು.

"ಲೇ, ಬರೋ ವಾರ ಬತ್ತೀನಿ ಕಣೋ. ಹಕ್ಕಿ ಎಲ್ಲಾ ಹೋದ್ವಲ್ಲ?"

"ಹೂಂ ಕಣಕ್ಕ, ಹೋದ್ವು." ನಾಚಿಕೆಗೆ ಸುಳ್ಳೇ ಮೊದಲು ಬಾಯಿಗೆ ಬಂತು.

"ಮತ್ತೆ ಗುಟುರ್ ಗುಟುರ್ ಅಂತಿರೋದು ಏನಪ್ಪಾ, ನಿನ್ ಹೊಟ್ಟೆನಾ?"

ನಕ್ಕಳು. ನಗು ಕೆಮ್ಮಾಯಿತು.

"ನೀನಿನ್ನೂ ಬರ್ಬೇಡ ಕಣಕ್ಕ," ಎಂದೆ.

ಟವೆಲ್ಲಿಗೆ ಎದ್ದ ಹಕ್ಕಿಗಳು ತಲೆಯ ಮೇಲೆ ಚೆಂದವಾಗಿಯೇ ಸುತ್ತುತ್ತಿದ್ದಿರಬೇಕು. ನಾನು ತಲೆಯೆತ್ತಲಿಲ್ಲ. ಆ ಕೆಮ್ಮು ಮುಗಿಯುವವರೆಗೂ, ಮೊದಲ ಸಲ, ಪೂರ್ತಿ ಕೇಳಿಸಿಕೊಂಡೆ.