ಟಯರಿಗೆ ಸಿಕ್ಕಿದ ಕುಂಬಳದ ತುಂಡು

ದೋಹಾ ಹತ್ತಿರ ಈಗ ನಾವಿರುವ ಅಲ್ ವುಕೈರ್‌ನ ಅಂಗಡಿಯಲ್ಲಿ ಬೂದುಗುಂಬಳ ಎತ್ತಿಕೊಂಡೆ. ಅಂಗೈ ತುಂಬ ಬಿಳಿ ಬೂದಿ. ಪ್ಯಾಂಟಿಗೆ ಒರೆಸಿದರೆ ಹೆಂಡತಿ ನಳಿನಿ ಬೈಯುತ್ತಾಳೆಂದು ಗೊತ್ತಿದ್ದೂ ಒರೆಸಿಕೊಂಡೆ. ಆಗ ಸದಾಶಿವಣ್ಣ ನೆನಪಾದರು. ಗೊತ್ತಿದ್ದೂ ಮಾಡುವ ನನ್ನಂಥವರಿಂದಲೇ ಅವರ ಹೊಟ್ಟೆ ತುಂಬುತ್ತಿತ್ತು.

ನಾವು ಮೊದಲು ಐನ್ ಖಾಲಿದ್‌ನಲ್ಲಿದ್ದಾಗ ಅವರು ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬರೇ ಇದ್ದರು. ಮನೆಮಾತು ತುಳು. ಕೆಲಸ, ಅಮೆರಿಕದ ಅಪಘಾತ ಪರಿಹಾರದ ಕೇಸುಗಳನ್ನು ದೋಹಾದಲ್ಲಿ ಕುಳಿತು ಓದುವುದು. ಶುಕ್ರವಾರ ಬೆಳಿಗ್ಗೆ ನಮ್ಮಲ್ಲಿಗೆ ಕಾಫಿಗೆ ಬಂದರೆ, ಅಲ್ಲೆಲ್ಲೋ ಒದ್ದೆ ನೆಲದಲ್ಲಿ ಜಾರಿದವರು, ಮುರಿದ ಮೆಟ್ಟಿಲಲ್ಲಿ ಎಡವಿದವರು ಎಲ್ಲರೂ ಅವರ ಜೊತೆಗೇ ಬರುತ್ತಿದ್ದರು.

"ಬಿದ್ದದ್ದು ದೊಡ್ಡದಲ್ಲ ಮಾರಾಯ್ರೆ. ಹೀಗೆ ಆದೀತು ಅಂತ ಅಂಗಡಿಯವನಿಗೆ ಮೊದಲೇ ಗೊತ್ತಾಗಬೇಕಿತ್ತಾ? ಅದು ಪ್ರಶ್ನೆ. ಯಾರೂ ಎಣಿಸಲಿಕ್ಕೆ ಆಗದ್ದು ಆದ್ರೆ ಅವನ ಮೇಲೆ ಹೊಣೆ ಇಲ್ಲ. ಕೇಸು ಖಲಾಸ್."

ನಾನು ಗಂಭೀರವಾಗಿ ತಲೆಯಾಡಿಸುತ್ತಿದ್ದೆ. ಕಣ್ಣು ಮಾತ್ರ ಚಕ್ಕುಲಿಯ ತಟ್ಟೆಯ ಮೇಲೆ.

ಒಂದು ಆಯುಧಪೂಜೆಗೆ ಅವರು ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಹೊಸ ಕಾರಿನ ಮುಂದೆ ಕುಂಬಳಕಾಯಿ ಒಡೆದರು. ಕಾನೂನು ಓದಿದವರಲ್ಲವೇ, ಕುಂಕುಮದ ನೀರನ್ನೂ ಬಿಡದೆ ಒರೆಸಿದರು. ಆದರೆ ಒಂದು ತುಂಡು ಯಾರದೋ ಕಾರಿನ ಟಯರಿಗೆ ಅಂಟಿಕೊಂಡು ಆಚೆ ತುದಿಯ ಲಿಫ್ಟಿನ ಬಾಯಿಗೆ ಹೋಗಿ ಬಿದ್ದಿತ್ತು. ತರಕಾರಿ ಹಿಡಿದು ಬರುತ್ತಿದ್ದ ನಳಿನಿ ಅದರ ಮೇಲೆಯೇ ಕಾಲಿಟ್ಟಳು. ಬಲಗೈ ಮಣಿಕಟ್ಟು ಮುರಿಯಿತು.

ಅವರ ಕಾನೂನಿನಿಂದಲೇ ಅವರನ್ನು ಸಮಾಧಾನ ಮಾಡಲು ಹೋದೆ. "ತುಂಡು ಅಷ್ಟು ದೂರ ಹೋಗುತ್ತೆ ಅಂತ ಯಾರು ಅಂದ್ಕೋತಾರೆ? ನಿಮ್ಮ ಮೇಲೆ ಹೊಣೆ ಇಲ್ಲ ಬಿಡಿ. ಕೇಸು ಖಲಾಸ್."

ಅವರು ನಗಲಿಲ್ಲ. "ಕಾರು ಓಡಾಡುವ ಜಾಗದಲ್ಲಿ ಒಡೆದದ್ದಲ್ವಾ ನಾನು? ಗೊತ್ತಾಗಬೇಕಿತ್ತು."

ಅಂದಿನಿಂದ ದಿನಾ ಸಂಜೆ ನಮ್ಮ ಬಾಗಿಲಿಗೆ ಊಟದ ಕ್ಯಾರಿಯರ್ ಬರತೊಡಗಿತು. ಕೊಟ್ಟು, ತಲೆ ತಗ್ಗಿಸಿ ಹೊರಟುಬಿಡುವರು. ಶುಕ್ರವಾರದ ಕಾಫಿ ನಿಂತಿತು. ನಿಜ ಹೇಳಬೇಕೆಂದರೆ ಅವರ ಹುರುಳಿ ಸಾರು ಬಲು ರುಚಿಯಾಗಿತ್ತು. ಆದರೆ ನಮಗೆ ಬೇಕಿದ್ದದ್ದು ಸಾರಲ್ಲ, ಅವರು. ಅವರು ಕೈತಪ್ಪಿ ಹೋಗುತ್ತಾರೆಂದು ನನಗೆ ಭಯವಾಗಿತ್ತು.

ಪ್ಲಾಸ್ಟರ್ ಬಿಚ್ಚಿದ ಸಂಜೆಯೂ ಅವರು ಹೊರಗೇ ನಿಂತರು. ನಳಿನಿ ಕ್ಯಾರಿಯರ್ ತೆಗೆದುಕೊಳ್ಳಲಿಲ್ಲ.

"ಅಣ್ಣ, ಒಂದು ಕೇಸಿದೆ. ಹೀಗೆ ಬಾಗಿಲಿಂದಲೇ ದಿನಾ ವಾಪಸ್ ಹೋದ್ರೆ ನನ್ನ ಮನಸ್ಸಿಗೆ ನೋವಾಗುತ್ತೆ ಅಂತ ನಿಮಗೆ ಮೊದಲೇ ಗೊತ್ತಾಗಬೇಕಿತ್ತಾ, ಇಲ್ವಾ?"

ಸದಾಶಿವಣ್ಣ ಕ್ಯಾರಿಯರ್ ಕೆಳಗಿಟ್ಟರು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು. "ಕಾಫಿ ಉಂಟಾ?" ಎಂದರು. ಕಣ್ಣು ಒದ್ದೆಯಾಗಿತ್ತು. ನನ್ನದೂ ಅಷ್ಟೇ, ನೀವು ನಗಬೇಡಿ.

ಈಗ ಅವರು ನಿವೃತ್ತರಾಗಿ ಸುರತ್ಕಲ್‌ನಲ್ಲಿದ್ದಾರೆ. ಇವತ್ತು ಸಂಜೆ ಆಯುಧಪೂಜೆಗೆ ಇಲ್ಲಿಯ ಪಾರ್ಕಿಂಗ್‌ನಲ್ಲಿ ನಾನೇ ಕುಂಬಳ ಒಡೆದೆ, ಗುಡಿಸಿದೆ. ಅವರಿಲ್ಲದೆ ಯಾಕೋ ಬೇಸರವಾಗಿ ಫೋನ್ ಮಾಡಿದೆ.

"ಲಿಫ್ಟಿನ ಹತ್ತಿರ ನೋಡಿದ್ರಾ?" ಮೊದಲ ಮಾತೇ ಅದು.

"ನೋಡಿದೆ ಅಣ್ಣ."

"ಪಕ್ಕದ ಕಾರಿನ ಟಯರು?"

ಅದನ್ನು ನೋಡಿರಲಿಲ್ಲ. ಫೋನನ್ನು ನಳಿನಿಯ ಬಲಗೈಗೆ ಕೊಟ್ಟು ಮಂಡಿಯೂರಿದೆ. ಟಯರಿನ ಕೆಳಗೆ ಹೆಬ್ಬೆರಳಿನಷ್ಟು ಒಂದು ತುಂಡು ಅಂಟಿಕೊಂಡಿತ್ತು.

"ಇದೆ ಅಣ್ಣ!" ಎಂದು ಕೂಗಿದೆ.

"ನನಗೆ ಗೊತ್ತಿತ್ತು ಮಾರಾಯ್ರೆ" ಎಂದರು ಸುರತ್ಕಲ್‌ನಿಂದ.