ಅರ್ಧ ಕಿಲೋ ಮರಳು

ನನ್ನ ಬಲಭುಜ ಹರಿದದ್ದು ಗುಂಡು ಎಸೆಯುವಾಗ ಅಲ್ಲ. ಇದನ್ನು ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದೇನೋ ನನಗೇ ನೆನಪಿಲ್ಲ. ಆದರೂ ಶಾಲೆಯ ಕಡತದಲ್ಲಿ ಇವತ್ತಿಗೂ ‘ಹಳೆಯ ಕ್ರೀಡಾ ಗಾಯ’ ಎಂದೇ ಬರೆದಿದೆ. ಕಾಲೇಜಿನಲ್ಲಿದ್ದಷ್ಟು ವರ್ಷ ನಾಲ್ಕು ಕಿಲೋದ ಗುಂಡು ಎಸೆದವಳು ನಾನು. ಒಂದು ದಿನವೂ ಭುಜ ನೋಯಲಿಲ್ಲ. ಅದು ಹರಿದದ್ದು ರಾಣೆಬೆನ್ನೂರಿನ ಒಂದು ಹೈಸ್ಕೂಲಿನಲ್ಲಿ, ಕಬ್ಬಿಣದ ಕಪಾಟು ಎತ್ತುವಾಗ.

ಹಾವೇರಿ ಜಿಲ್ಲೆಯಾಗಿ ಆಗ ಆರೇಳು ವರ್ಷ. ನನಗೆ ಇಪ್ಪತ್ತೊಂಬತ್ತು. ಬ್ಯಾಡಗಿಯಲ್ಲಿ ಅಪ್ಪ ಅವ್ವನ ಜೊತೆ ಇದ್ದುಕೊಂಡು, ದಿನಾ ಬೆಳಿಗ್ಗೆ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋಗುತ್ತಿದ್ದೆ. ಆ ಶಾಲೆಯಲ್ಲಿ ನಾನು ಪಿ.ಟಿ. ಟೀಚರ್. ಮರುದಿನ ತಪಾಸಣೆಗೆ ಸಾಹೇಬರು ಬರುವವರಿದ್ದರು. ಹೆಡ್‌ಮಾಸ್ತರರ ಕೋಣೆಯಲ್ಲಿ ಹಳೆಯ ಉತ್ತರಪತ್ರಿಕೆಗಳನ್ನು ತುಂಬಿದ್ದ ಕಪಾಟೊಂದಿತ್ತು, ನೋಡಲು ಚೆನ್ನಾಗಿಲ್ಲ ಎಂದು ಅದನ್ನು ಹಿಂದಿನ ಕೋಣೆಗೆ ಸಾಗಿಸಬೇಕಾಗಿತ್ತು. ಜವಾನ ರಜೆಯ ಮೇಲಿದ್ದ. ನಾಲ್ಕು ಜನ ಗಂಡು ಮಾಸ್ತರರು ಪಡಸಾಲೆಯಲ್ಲಿ ಚಹಾ ಕುಡಿಯುತ್ತ ನಿಂತಿದ್ದರು. ಹೆಡ್‌ಮಾಸ್ತರರು ಅವರ ಕಡೆ ನೋಡಲೂ ಇಲ್ಲ.

“ನೀವು ಗುಂಡ ಒಗದಾಕಿ ಅಲ್ಲೇನ್ರಿ ಟೀಚರ್? ನಿಮ್ಮಷ್ಟ ಗಟ್ಟಿ ಇಲ್ಲಿ ಯಾರದಾರ? ಆಯಾನ್ನ ಕರಕೊಂಡು ಇದನ್ನ ಆ ಕಡೆ ಇಟ್ಟಬಿಡ್ರಿ,” ಅಂದರು.

ಆ ಮಾತಿಗೆ ನಾನು ಉಬ್ಬಿದೆ. ಈಗ ನೆನೆದರೆ ಮೈ ಉರಿಯುವುದು ಇದಕ್ಕೇ. ಕಪಾಟು ಖಾಲಿ ಮಾಡೋಣ ಎನ್ನಬಹುದಿತ್ತು, ಆ ನಾಲ್ವರನ್ನು ಕರೆಯಬಹುದಿತ್ತು. ಎರಡೂ ಮಾಡದೆ ಸೆರಗು ಸಿಕ್ಕಿಸಿ ಒಂದು ತುದಿ ಹಿಡಿದೆ. ಇನ್ನೊಂದು ತುದಿಯನ್ನು ಹಿಡಿದವಳು ಶಾಲೆಯ ಆಯಾ, ಐವತ್ತು ದಾಟಿದ ಹೆಂಗಸು, ದೇವರಗುಡ್ಡದಿಂದ ಬರುತ್ತಿದ್ದಳು. ಹೊಸ್ತಿಲು ದಾಟುವಾಗ ಅವಳ ಕಾಲು ಎಡವಿತು. ಕಪಾಟು ವಾಲಿ, ಅದರ ಭಾರವೆಲ್ಲ ಒಂದು ಕ್ಷಣ ನನ್ನ ಬಲಗೈಗೆ ಬಂತು. ಭುಜದೊಳಗೆ ಹಳೆಯ ಸೀರೆ ಹರಿದಂತೆ ಸದ್ದಾಯಿತು. ನಾನು ಅಲ್ಲೇ ಕುಳಿತುಬಿಟ್ಟೆ. ಹೆಡ್‌ಮಾಸ್ತರರು ಓಡಿ ಬಂದು ಮೊದಲು ಕಪಾಟಿನ ಬಾಗಿಲು ನೆಟ್ಟಗಿದೆಯೇ ಎಂದು ನೋಡಿದರು.

ಹಾವೇರಿಯ ಡಾಕ್ಟರು ಭುಜದ ಸ್ನಾಯು ಅರೆಬರೆ ಹರಿದಿದೆ ಎಂದು ಹೇಳಿ ಒಂದು ಸೂಜಿ ಚುಚ್ಚಿದರು. ಕೈಗೆ ಪಟ್ಟಿ ಕಟ್ಟಿ, “ಇನ್ನ ಮ್ಯಾಲ ಏನೂ ಎತ್ತಬ್ಯಾಡ್ರಿ,” ಅಂದರು. ಎಷ್ಟು ದಿನ ಎಂದು ಕೇಳಿದೆ. “ಎಷ್ಟ ದಿನ ಅಂದ್ರ? ಹೆಣ್ಮಕ್ಕಳು ಗಂಡಸರಂಗ ಭಾರ ಎತ್ತಾಕ ಹೋದ್ರ ಹಿಂಗ ಆಗೂದು. ಬ್ಯಾರೆ ಪಾಠ ತಗೋರಿ, ಕುಂತು ಕಲಸ್ರಿ.”

ಕಪಾಟು ಎತ್ತಿಸಿದವರು ಗಂಡಸರು. ಎತ್ತಿದ್ದು ತಪ್ಪು ಎಂದು ಬೈದವರೂ ಗಂಡಸರು. ಆ ದಿನ ಬ್ಯಾಡಗಿಗೆ ಮರಳುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಹಲ್ಲು ಕಡಿಯುತ್ತ ಕುಳಿತಿದ್ದೆ.

ಐದು ತಿಂಗಳು ಏನೂ ಎತ್ತಲಿಲ್ಲ. ನೋವು ಸ್ವಲ್ಪ ಕಡಿಮೆಯಾಯಿತು, ಆದರೆ ಕೈ ಸೊರಗಿತು. ಕುಪ್ಪಸ ಹೊಲಿಯುವಾಕೆ ಅಳತೆ ತೆಗೆದು, “ಈ ತೋಳ ಸಣ್ಣದ ಹೊಲೀಬೇಕೇನ್ರಿ?” ಎಂದು ಕೇಳಿದಳು. ತಲೆ ಬಾಚಲು ಎಡಗೈ ಬೇಕಾಗುತ್ತಿತ್ತು. ಮಕ್ಕಳ ಎದುರು ಕವಾಯತು ಹೇಳಿಕೊಡುವಾಗ ನನ್ನ ಬಲಗೈ ಕಿವಿಯ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು, ಮಕ್ಕಳೂ ಹಾಗೆಯೇ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಅವರು ಅಣಕಿಸುತ್ತಿರಲಿಲ್ಲ, ನಾನು ಮಾಡಿದ್ದನ್ನೇ ಮಾಡುತ್ತಿದ್ದರು. ಅದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

ಕೊನೆಗೆ ರಾಣೆಬೆನ್ನೂರಿನಲ್ಲೇ ಹೊಸದಾಗಿ ಫಿಸಿಯೋಥೆರಪಿ ಕೋಣೆ ತೆರೆದಿದ್ದ ಒಬ್ಬಾಕೆಯ ಬಳಿ ಹೋದೆ. ನನಗಿಂತ ಚಿಕ್ಕವಳು, ಮೆತ್ತಗೆ ಮಾತಾಡುವವಳು. ನನ್ನ ಕೈಯನ್ನು ಎಲ್ಲ ಕಡೆ ತಿರುಗಿಸಿ ನೋಡಿ, ಅರ್ಧ ಲೀಟರಿನ ಒಂದು ಪ್ಲಾಸ್ಟಿಕ್ ಬಾಟಲಿ ಕೊಟ್ಟಳು.

“ಇದರಾಗ ಅರ್ಧ ಕಿಲೋ ಆಗೂವಷ್ಟು ಮರಳ ತುಂಬ್ರಿ. ಮೂರ ಎಣಿಸೂಮಟ ಮ್ಯಾಲ, ನಾಕ ಎಣಿಸೂಮಟ ಕೆಳಗ. ತೋಳ ದಣಿದು ಇನ್ನ ಎರಡೋ ಮೂರೋ ಸಲ ಅಷ್ಟ ಆಗತೈತಿ ಅನಸೂಮಟ ಮಾಡ್ರಿ.”

ನನಗೆ ಅವಮಾನವಾಯಿತು. “ನಾ ನಾಕ ಕಿಲೋ ಒಗೀತಿದ್ದೆ,” ಅಂದೆ.

“ಒಗೀತಿದ್ರಿ. ಈಗ ಒಗಿಯಾಕ ಆಗತೈತೇನು?” ಅಂದಳು, ನನ್ನ ಸೊರಗಿದ ತೋಳು ಮುಟ್ಟಿ. “ಸ್ನಾಯುಕ್ಕ ಕಿಲೋ ಗೊತ್ತಾಗೂದಿಲ್ರಿ. ಎಷ್ಟ ದಣದೇನಿ ಅನ್ನೂದಷ್ಟ ಗೊತ್ತಾಗತೈತಿ. ಹಗುರ ಎತ್ತಿ ಪೂರಾ ದಣಸಿದ್ರೂ ಅದು ಬೆಳೀತೈತಿ. ತೋಳ ಉರದ್ರ ಅಂಜಬ್ಯಾಡ್ರಿ. ಕೀಲಿನಾಗ ಚುಚ್ಚಿದ್ರ ಅಲ್ಲೇ ನಿಲ್ಲಸ್ರಿ.”

ಹೀಗೆ ದಿನಾ ಬೆಳಿಗ್ಗೆ, ಬಸ್ಸಿನ ಹೊತ್ತಿಗೆ ಮೊದಲು, ನಮ್ಮ ಅಂಗಳದಲ್ಲಿ ಮರಳಿನ ಬಾಟಲಿ ಎತ್ತತೊಡಗಿದೆ. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲ. ಮೂವತ್ತು ವರ್ಷದಿಂದ ಚೀಲ ಹೊತ್ತವನು. ಹೊರಡುವ ಮುನ್ನ ಹೆಗಲ ಮೇಲೆ ವಸ್ತ್ರ ಹಾಕಿಕೊಳ್ಳುತ್ತ ನನ್ನನ್ನು ನೋಡಿ ನಕ್ಕ.

“ಅರ್ಧ ಕಿಲೋ ಎತ್ತಿದ್ರ ಮೈ ಬರತೈತೇನವಾ? ಹಂಗಾದ್ರ ನಾನೂ ನಾಳೆಯಿಂದ ಒಂದೊಂದ ಕಾಯಿ ಹೊತ್ತು ಸಾಗಸ್ತೇನಿ.”

ಅವ್ವನೂ ನಕ್ಕಳು. ನನಗೆ ಐದು ತಿಂಗಳ ಸಿಟ್ಟು ಒಮ್ಮೆಲೇ ಬಾಯಿಗೆ ಬಂತು.

“ನೀ ಚೀಲ ಹೊತ್ತು ಏನ ಬಂತಪಾ ನಿನಗ? ಅಂಗೀ ತೋಳಿನ್ಯಾಗ ಕೈ ಹಾಕಾಕ ಅವ್ವ ಬೇಕು. ಉಣ್ಣೂಮುಂದ ಎಡಗೈಲೆ ಬಲಗೈ ಎತ್ತಿ ಹಿಡೀತಿ. ನಾ ನೋಡಿಲ್ಲಂತ ತಿಳದೀಯೇನು?”

ಅಪ್ಪ ವಸ್ತ್ರ ಸರಿ ಮಾಡಿಕೊಂಡು ಹೋದ. ಅವ್ವ ವಾರಪೂರ್ತಿ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಹೇಳಿದ್ದು ಸುಳ್ಳಲ್ಲ. ಆದರೆ ಆ ಸಿಟ್ಟು ಹೋಗಬೇಕಾದ ವಿಳಾಸ ಅಪ್ಪನದಾಗಿರಲಿಲ್ಲ ಎಂಬುದು ನನಗೆ ಆಗಲೂ ಗೊತ್ತಿತ್ತು.

ಮೂರು ವಾರ ಕಳೆಯುವಷ್ಟರಲ್ಲಿ ತಾಳ್ಮೆ ಮುಗಿಯಿತು. ಶಾಲೆಯ ಕ್ರೀಡಾ ಕೋಣೆಯಲ್ಲಿ ಗುಂಡು ಕಣ್ಣಿಗೆ ಬಿತ್ತು. ಯಾರೂ ಇರಲಿಲ್ಲ. ಎತ್ತಿ ಕುತ್ತಿಗೆಯ ಬಳಿ ಇಟ್ಟುಕೊಂಡೆ, ನೋಡೋಣ ಎಂದು ಮೇಲಕ್ಕೆ ತಳ್ಳಿದೆ. ಚುಚ್ಚಿತು. ನಿಲ್ಲಿಸಬೇಕಿತ್ತು, ಇನ್ನೊಮ್ಮೆ ತಳ್ಳಿದೆ. ಗುಂಡು ನೆಲಕ್ಕೆ ಬಿದ್ದು ಹಾಸುಗಲ್ಲು ಸೀಳಿತು. ಮುಂದಿನ ಹತ್ತು ದಿನ ಬಾಟಲಿಯನ್ನೂ ಎತ್ತಲಾಗಲಿಲ್ಲ. ಫಿಸಿಯೋಥೆರಪಿಯಾಕೆ ಬೈಯಲಿಲ್ಲ, “ಮತ್ತ ಅರ್ಧ ಕಿಲೋದಿಂದ,” ಎಂದಳು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಎರಡನೆಯ ಸಲ ಮೋಸ ಮಾಡಲಿಲ್ಲ. ನಿಂತು ಪಕ್ಕಕ್ಕೆ ಎತ್ತುವುದು, ಮಲಗಿ ಮೊಣಕೈಯನ್ನು ಪಕ್ಕೆಗೆ ಒತ್ತಿ ಮುಂಗೈ ತಿರುಗಿಸುವುದು, ಬಾಗಿ ಹಿಂದಕ್ಕೆ ಎಳೆಯುವುದು. ಇಪ್ಪತ್ತೈದಕ್ಕೆ ತೋಳು ನಡುಗತೊಡಗಿದರೆ ಸಾಕು ಅಂದಿನ ಮಟ್ಟಿಗೆ. ಮೂವತ್ತು ಸಲೀಸಾಗಿ ಆದ ಮೇಲೆ ಮಾತ್ರ ಇನ್ನೊಂದು ಹಿಡಿ ಮರಳು. ಎಣಿಸುವಾಗ ಬಾಯಲ್ಲಿ ಅಂಕಿ, ಮನಸ್ಸಿನಲ್ಲಿ ಬೈಗುಳ. ನಾಲ್ಕೈದು ತಿಂಗಳಿಗೆ ಬಾಟಲಿ ದೊಡ್ಡದಾಯಿತು, ಎರಡು ಕಿಲೋಕ್ಕೆ ಬಂತು. ತೋಳಿನ ಮೇಲೆ ಸವೆದುಹೋಗಿದ್ದ ಉಬ್ಬು ಮತ್ತೆ ಕೈಗೆ ಸಿಗತೊಡಗಿತು.

ಆ ಹೊತ್ತಿಗೆ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಕ್ರೀಡಾ ಕೋಣೆಗೆ ಹೋದಾಗ, ಆಯಾ ಜಿಗಿತದ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ನನ್ನನ್ನು ಕಂಡು ಗಡಬಡಿಸಿ ಏಳಲು ಹೋದಳು. ಏಳಲು ಆಗಲಿಲ್ಲ. ಪಕ್ಕಕ್ಕೆ ಹೊರಳಿ, ಗೋಡೆ ಹಿಡಿದು, ಎರಡು ಸಲ ನಿಂತು ನಿಂತು ಎದ್ದಳು.

“ಏನಾತ ಯಕ್ಕಾ?” ಎಂದು ಕೇಳಿದೆ.

“ಏನಿಲ್ರಿ ಅಕ್ಕಾರ. ಸೊಂಟ. ಹಗಲೆಲ್ಲಾ ನೀರ ಹೊತ್ತು ಹಿಡಕೊಂಡಬಿಡತೈತಿ.”

“ಎಂದಿನಿಂದ?”

ಅವಳು ಸೆರಗು ಕೊಡವುತ್ತ ಬೇರೆ ಕಡೆ ನೋಡಿದಳು. “ಆ ಕಪಾಟ ಎತ್ತಿದ್ವೆಲ್ರಿ, ಅವತ್ತಿನಿಂದ.”

ಮನಸ್ಸಿನಲ್ಲೇ ತಿಂಗಳು ಎಣಿಸಿದೆ. ಸುಮಾರು ಒಂದು ವರ್ಷ. ಅವಳ ಎದುರೇ ಎಷ್ಟು ಸಲ ನನ್ನ ಭುಜದ ಕತೆ ಹೇಳಿಕೊಂಡಿದ್ದೆ. ಹೆಡ್‌ಮಾಸ್ತರರನ್ನು ಬೈದಿದ್ದೆ, ಡಾಕ್ಟರನ್ನು ಬೈದಿದ್ದೆ, ಆ ದಿನ ಚಹಾ ಕುಡಿಯುತ್ತಿದ್ದ ನಾಲ್ವರನ್ನೂ ಬಿಟ್ಟಿರಲಿಲ್ಲ. ಕಪಾಟಿನ ಇನ್ನೊಂದು ತುದಿಯಲ್ಲಿ ಇದ್ದವಳಿಗೆ ಏನಾಯಿತು ಎಂದು ಒಂದು ಸಲವೂ ಕೇಳಿರಲಿಲ್ಲ. ನನಗೆ ರಜೆ ಇತ್ತು. ಅವಳು ದಿನಗೂಲಿ. ರಜೆ ಎಂದರೆ ಮನೆಗೆ ಹೋಗು ಎಂದೇ ಅರ್ಥ.

“ಯಾಕ ಹೇಳಲಿಲ್ಲ ನೀವು?” ಅಂದೆ, ಅವಳ ಮೇಲೇ ಸಿಟ್ಟು ಮಾಡಿ.

“ನೀವ ಅಷ್ಟ ನೋಯಾಕತ್ತಿದ್ರಿ. ನಂದೇನ ಹೇಳೂದ್ರಿ ಅದರಾಗ. ನನ್ನ ಕಾಲ ಎಡವಿದ್ದಕ್ಕ ಅಲ್ಲೇನ ನಿಮ್ಮ ಕೈ ಹೋಗಿದ್ದು.”

ಇಷ್ಟು ದಿನ ಅವಳು ಅದನ್ನೂ ಹೊತ್ತುಕೊಂಡಿದ್ದಳು.

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಅವಳನ್ನು ಫಿಸಿಯೋಥೆರಪಿಯಾಕೆಯ ಬಳಿ ಕರೆದುಕೊಂಡು ಹೋದೆ. ಅಂಗಾತ ಮಲಗಿ ಸೊಂಟ ಎತ್ತಿ ಇಳಿಸುವುದು, ಗೋಡೆಗೆ ಬೆನ್ನು ಕೊಟ್ಟು ಅರ್ಧ ಕುಳಿತು ಏಳುವುದು. ಮೊದಲು ಬರಿಗೈಲಿ, ಆಮೇಲೆ ಎದೆಗವಚಿದ ಒಂದು ಕಿಲೋ ಉಪ್ಪಿನ ಚೀಲದೊಂದಿಗೆ. ಜೊತೆಗೆ ಫಿಸಿಯೋಥೆರಪಿಯಾಕೆಯದೊಂದು ಮಾತು: ನೀರು ತರಬೇಡಿ ಎಂದು ನಾನು ಹೇಳಲಾರೆ, ಆದರೆ ತುಂಬಿದ ಕೊಡ ಬೇಡ, ಅರ್ಧ ಕೊಡ ತನ್ನಿ, ಎರಡು ಸಲ ಹೋಗಿ. ದಿನಾ ಊಟದ ಬಿಡುವಿನಲ್ಲಿ ಕ್ರೀಡಾ ಕೋಣೆಯ ಬಾಗಿಲು ಹಾಕಿಕೊಂಡು ನಾವಿಬ್ಬರೂ ಎಣಿಸುತ್ತಿದ್ದೆವು. ನಾನು ಮರಳು, ಅವಳು ಉಪ್ಪು.

ಎರಡು ತಿಂಗಳಲ್ಲಿ ಅವಳು ಗೋಡೆ ಹಿಡಿಯದೆ ಏಳತೊಡಗಿದಳು. ಹೆಡ್‌ಮಾಸ್ತರರಿಗೆ ಅದು ಕಾಣಲಿಲ್ಲ. ಅರ್ಧ ಕೊಡ ಕಂಡಿತು. ಒಂದು ದಿನ ಪಡಸಾಲೆಯಲ್ಲಿ ಎಲ್ಲರೆದುರು ಅವಳನ್ನು ನಿಲ್ಲಿಸಿ, “ಕೊಡ ತೂತ ಬಿದ್ದೈತೇನು? ಎರಡೆರಡ ಸಲ ಹೋಗಿ ಹೊತ್ತು ಹಾಳ ಮಾಡಾಕತ್ತಿ. ಆಗವಲ್ದಂದ್ರ ಮನೀಗೆ ಹೋಗು, ಮಂದಿಗೇನ ಬರಗಾಲ ಇಲ್ಲ,” ಅಂದರು.

ನಾನು ಮೈದಾನದಿಂದ ನಡೆದು ಬಂದೆ. ಓಡಲಿಲ್ಲ, ಅದು ಸರಿಯಾಗಿ ನೆನಪಿದೆ.

“ಆಕೀ ಸೊಂಟ ಹಾಳಾಗಿದ್ದು ನಿಮ್ಮ ಕಪಾಟಿಲೆ ಸರ್. ನನ್ನ ಭುಜಾನೂ. ನೀವು ಅವತ್ತ ಆ ನಾಕ ಮಂದಿಗೆ ಹೇಳಲಿಲ್ಲ, ನಮಗ ಹೇಳಿದ್ರಿ. ಆಕಿ ಅರ್ಧ ಕೊಡಾನ ತರ್ತಾಳ. ಪೂರಾ ಬೇಕಂದ್ರ ನೀವ ಹೋಗಿ ತುಂಬಕೊಂಡು ಬರ್ರಿ.”

ಹೆಡ್‌ಮಾಸ್ತರರ ಮುಖ ಕಪ್ಪಿಟ್ಟಿತು. “ಟೀಚರ್, ನಾಲಿಗಿ ಹಿಡದು ಮಾತಾಡ್ರಿ.”

“ವರ್ಷ ಹಿಡದೇ ಇದ್ದೆ ಸರ್,” ಅಂದೆ.

ಸಂಜೆಯೊಳಗೆ ಮೆಮೋ ಬಂತು: ಮೇಲಧಿಕಾರಿಗೆ ಅಗೌರವ. ಜೊತೆಗೆ, ನನ್ನ ಗಾಯಕ್ಕೂ ಶಾಲೆಗೂ ಸಂಬಂಧವಿಲ್ಲ, ಅದು ಹಳೆಯ ಕ್ರೀಡಾ ಗಾಯ. ಉತ್ತರವಾಗಿ ನಡೆದದ್ದನ್ನೆಲ್ಲ ಬರೆದೆ. ಚಹಾ ಕುಡಿಯುತ್ತಿದ್ದ ನಾಲ್ವರನ್ನು ಸಾಕ್ಷಿಗೆ ಸಹಿ ಹಾಕಿರೆಂದು ಕೇಳಿದೆ. ಮೂವರು ನೆನಪಿಲ್ಲ ಎಂದರು. ಒಬ್ಬರು ಸಹಿ ಹಾಕಿದರು, ಆಮೇಲೆ ನನ್ನೊಡನೆ ಮಾತು ಬಿಟ್ಟರು. ಹಾವೇರಿಯ ಕಚೇರಿಗೆ ಮೂರು ಸಲ ಹೋದೆ. ಮೂರನೆಯ ಸಲ ಗುಮಾಸ್ತರು, “ಬಿಟ್ಟಬಿಡ್ರಿ ಮೇಡಂ, ಕೈ ಚಲೋ ಆಗೇತೆಲ್ಲ,” ಎಂದರು. ಕೈ ಚಲೋ ಮಾಡಿಕೊಂಡದ್ದೂ ನನ್ನ ವಿರುದ್ಧ ಸಾಕ್ಷಿಯಾಯಿತು.

ಒಂದು ಮಾತ್ರ ಆಯಿತು. ಅರ್ಧ ಕೊಡದ ಬಗ್ಗೆ ಮತ್ತೆ ಯಾರೂ ಚಕಾರ ಎತ್ತಲಿಲ್ಲ. ಅವಳು ಎರಡು ವರ್ಷ ಹಾಗೆಯೇ ನೀರು ತಂದಳು. ನಂತರ ಶಾಲೆಗೆ ನಲ್ಲಿ ಬಂತು, ತೊಟ್ಟಿ ಕಟ್ಟಿಸಿದರು, ಪರೀಕ್ಷೆಗಳು ಮುಗಿದ ವಾರದಲ್ಲಿ ಇನ್ನು ಆಯಾ ಬೇಡ ಎಂದು ಅವಳಿಗೆ ಹೇಳಿ ಕಳಿಸಿದರು. ನಾನು ಮೌಲ್ಯಮಾಪನ ಕೇಂದ್ರದ ಮೇಲ್ವಿಚಾರಣೆಗೆ ಹಾವೇರಿಗೆ ಹೋಗಿದ್ದೆ. ತಿರುಗಿ ಬಂದಾಗ ಚಾಪೆಯ ಪಕ್ಕದಲ್ಲಿ ಅವಳ ಉಪ್ಪಿನ ಚೀಲವಿರಲಿಲ್ಲ.

ಬೇಸಿಗೆಯಲ್ಲಿ ವಿಳಾಸ ಕೇಳಿಕೊಂಡು ದೇವರಗುಡ್ಡಕ್ಕೆ ಹೋದೆ. ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನನ್ನನ್ನು ಕಂಡು ಯಾವುದಕ್ಕೂ ಆತುಕೊಳ್ಳದೆ ಸರಕ್ಕನೆ ಎದ್ದು ನಿಂತಳು, ಒಳಗಿನಿಂದ ನೀರು ತಂದಳು.

“ಸೊಂಟ ಹೆಂಗೈತ್ರಿ ಯಕ್ಕಾ?”

“ಭಾಳ ಚಲೋ ಐತ್ರಿ ಅಕ್ಕಾರ. ಈಗ ಎಷ್ಟ ಬೇಕಾದ್ರೂ ದುಡೀಬಲ್ಲೆ. ಕರಿಯಾವ್ರ ಇಲ್ಲ ಅಷ್ಟ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಬಂತು. ಅವಳು ಕೊಟ್ಟ ನೀರು ಕುಡಿದು, ತಂಬಿಗೆ ಕೆಳಗಿಟ್ಟು, ಹೊಸ ವರ್ಷಕ್ಕೆ ಶಾಲೆ ತೆರೆಯುವ ಮೊದಲು ಅವಳನ್ನು ಮತ್ತೆ ಕೆಲಸಕ್ಕೆ ಕರೆಯಿರಿ ಎಂದು ಆಡಳಿತ ಮಂಡಳಿಗೆ ಕೊಡಬೇಕಾದ ಅರ್ಜಿಯನ್ನು ಅವಳ ಎದುರೇ ಕುಳಿತು ಬರೆಯತೊಡಗಿದೆ.