ನೀಲಿ ಬೈಕಿಗೆ ಕಪ್ಪು ದಾರ

ಚನ್ನಪಟ್ಟಣದ ಗ್ಯಾರೇಜಿನಲ್ಲಿ ಗೆಳೆಯ ಮಂಜನ ಹೊಸ ಬೈಕಿನ ಮೈ ಮುಚ್ಚುವ ನೀಲಿ ಫೇರಿಂಗ್‌ಗೆ ಮೆಕ್ಯಾನಿಕ್ ಡ್ರಿಲ್ ಇಟ್ಟಾಗ ನನಗೆ ಒಳಗೊಳಗೇ ಖುಷಿಯಾಯಿತು. ನಾನು ಫೋನಿನಲ್ಲಿ ನೋಡಿ ನೋಡಿ ಆಸೆಪಟ್ಟಿದ್ದ ಬೈಕನ್ನು ಅವನು ತಂದೇಬಿಟ್ಟಿದ್ದ. ಬೈಕ್ ಬಿದ್ದರೆ ಪೆಟ್ಟು ತಡೆಯುವ ಕ್ರ್ಯಾಶ್ ಪ್ರೊಟೆಕ್ಟರ್ ಕೂರಿಸಲು ಕೊರೆಯುತ್ತಿದ್ದರು. ಕೊರೆಯದೆ ಕೂರಿಸುವಂಥದ್ದೂ ಅಂಗಡಿಯಲ್ಲಿತ್ತು. ಆದರೆ ಬಿದ್ದಾಗ ಅದು ಬಾಗುತ್ತದೆಂದು ಮಂಜ ಕೊರೆದು ಹಾಕುವುದನ್ನೇ ಆರಿಸಿದ್ದ. ಹೊಳೆಯುವ ಆ ಮೈಗೆ ತೂತು ಬಿತ್ತಲ್ಲ, ಅಷ್ಟು ಸಾಕಿತ್ತು ನನಗೆ.

ಬೋಲ್ಟ್ ಬಿಗಿದಾದ ಮೇಲೆ ಮಂಜ, ಕಬ್ಬಾಳಮ್ಮನ ಗುಡಿಯಲ್ಲಿ ಪೂಜೆ ಮಾಡಿಸಿದ್ದ ನಿಂಬೆಹಣ್ಣು, ಕಪ್ಪು ದಾರ ತೆಗೆದು ನನ್ನ ಕೈಗಿಟ್ಟ.

"ಊರೋರ್ ಕಣ್ಣೆಲ್ಲ ಇದ್ರ ಮ್ಯಾಲೇ ಐತೆ ಕಣ್ಲಾ. ನೀನೇ ಕಟ್ಬುಡು, ನಿನ್ನಂಗೆ ನಮ್ಮೋರು ಇನ್ಯಾರವ್ರೆ?"

ಕಟ್ಟಿದೆ. ಆ ಬೈಕ್ ನಮ್ಮ ಬೀದಿಯಲ್ಲಿ ಹಾದುಹೋದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನಾನೇ ಹಾಕಿದ ಆ ಗಂಟು ಅದನ್ನು ಕಾಯಬೇಕಿರುವುದು ನನ್ನ ಕಣ್ಣಿನಿಂದಲೇ.